ಬಾಯಿಮಾತಿನಲ್ಲಿ ಕೊಟ್ಟ ಕಾರು, ಬಾಕಿ ಉಳಿದ ಕಂತು

ಹಜೀರಾ: ಸೂರತ್ ನಗರದಿಂದ ತಾಪಿ ನದಿಯ ಅಳಿವೆಯತ್ತ ಸಾಗುವ ರಸ್ತೆಯಲ್ಲಿ ಇಚ್ಛಾಪೋರ್, ಕವಾಸ್, ಮೋರಾ ದಾಟಿದರೆ ಕಾರ್ಖಾನೆಗಳ ಸಾಲೇ ಸಾಲು. 1980ರ ದಶಕದಲ್ಲಿ ಒಎನ್‌ಜಿಸಿಯ ಅನಿಲ ಘಟಕ, ಕ್ರಿಬ್ಕೊ ಗೊಬ್ಬರ ಕಾರ್ಖಾನೆ, ಎಲ್ ಆಂಡ್ ಟಿ ಬಂದವು. ಬಳಿಕ ರಿಲಯನ್ಸ್, ಎಸ್ಸಾರ್ ಉಕ್ಕು ಕಾರ್ಖಾನೆ ಬಂದವು. ಎಸ್ಸಾರ್ 2019ರ ಕೊನೆಗೆ ಆರ್ಸೆಲರ್ ಮಿತ್ತಲ್ ನಿಪ್ಪಾನ್ ಸ್ಟೀಲ್ ಆಯಿತು. ಈ ಕಾರ್ಖಾನೆಗಳ ಬೆನ್ನಿಗೆ ಬಂದ ಹೊರರಾಜ್ಯದವರಲ್ಲಿ ಕನ್ನಡಿಗರೂ ಇದ್ದಾರೆ. ಕಾಯಂ ನೌಕರಿಯ ಇಂಜಿನಿಯರುಗಳಿದ್ದಾರೆ, ಗುತ್ತಿಗೆದಾರರ ಕೈಕೆಳಗಿನ ವೆಲ್ಡರು, ಫಿಟ್ಟರುಗಳಿದ್ದಾರೆ, ಕ್ಯಾಂಟೀನು ನಡೆಸುವವರಿದ್ದಾರೆ, ಸ್ವಂತ ಗಾಡಿ ಇಟ್ಟು ನೌಕರರನ್ನು ಪಾಳಿಗೆ ಕರೆದೊಯ್ಯುವವರೂ ಇದ್ದಾರೆ.

ಇಂಥ ಕಡೆ ಕಾರು ಕೈ ಬದಲಾಗುವ ರೀತಿಯೇ ಬೇರೆ. ವರ್ಗವಾಗಿ ಹೊರಟವರ, ಗಲ್ಫಿಗೆ ವೀಸಾ ಬಂದವರ ಅಥವಾ ನಿವೃತ್ತರಾಗಿ ಊರಿಗೆ ಮರಳುವವರ ಕಾರಿನ ಮೇಲೆ ಇನ್ನೂ ಎರಡು ವರ್ಷದ ಬ್ಯಾಂಕ್ ಸಾಲ ಇರುತ್ತದೆ. ಕೊಳ್ಳಲು ಮುಂದೆ ಬಂದವರು ಊರಿನವರೇ, ಹಲವು ಸಲ ಬಳಗದವರೇ. "ಭಾವ, ಕಾರು ನೀವೇ ಇಟ್ಟುಕೊಳ್ಳಿ, ಕಂತು ಕಟ್ಟುತ್ತಾ ಹೋಗಿ, ಸಾಲ ಮುಗಿದ ಮೇಲೆ ಹೆಸರು ಬದಲಾಯಿಸುವ" ಎಂದು ಚಾ ಕುಡಿಯುತ್ತಲೇ ವ್ಯವಹಾರ ಮುಗಿಯುತ್ತದೆ. ಕೀಲಿಕೈ ಆಚೆಗೆ, ಮುಂಗಡ ಈಚೆಗೆ. ಕಾಗದ ಮಾತ್ರ ಯಾವುದೂ ಇಲ್ಲ. ಕಾಗದ ಕೇಳಿದರೆ ಭಾವನಿಗೆ ಬೇಸರವಾದೀತು ಎಂಬ ಸಂಕೋಚ.

ಎರಡನೆಯ ಬಗೆ ಇದಕ್ಕಿಂತ ಅಪಾಯದ್ದು. ಗುತ್ತಿಗೆ ಕೆಲಸದವನಿಗೆ ಸಂಬಳದ ಚೀಟಿ ಸರಿಯಿಲ್ಲ, ಗುಜರಾತಿನ ವಿಳಾಸದ ದಾಖಲೆ ಇಲ್ಲ, ಹಾಗಾಗಿ ಬ್ಯಾಂಕು ಸಾಲ ಕೊಡುವುದಿಲ್ಲ. ಕಾಯಂ ನೌಕರಿಯಲ್ಲಿರುವ ಸ್ನೇಹಿತ ತನ್ನ ಹೆಸರಿನಲ್ಲಿ ಸಾಲ ಮಾಡಿ ಕಾರು ತೆಗೆದುಕೊಡುತ್ತಾನೆ. ಓಡಿಸುವವನೊಬ್ಬ, ಸಾಲಗಾರನೊಬ್ಬ. ಏಳೆಂಟು ತಿಂಗಳು ಎಲ್ಲವೂ ಸುಸೂತ್ರ. ಆ ಮೇಲೆ ಗುತ್ತಿಗೆ ಮುಗಿಯುತ್ತದೆ, ಕಂತು ತಪ್ಪುತ್ತದೆ, ಫೋನು ಎತ್ತುವುದು ನಿಲ್ಲುತ್ತದೆ. ಬ್ಯಾಂಕಿನ ವಸೂಲಿಯವರು ಬಂದು ನಿಲ್ಲುವುದು ಸಾಲಗಾರನ ಮನೆ ಬಾಗಿಲಿಗೆ.

ಆಗ ಹುಟ್ಟುವ ಪ್ರಶ್ನೆ: ಬಾಯಿಮಾತಿನ ಈ ಕರಾರಿಗೆ ಕೋರ್ಟಿನಲ್ಲಿ ಬೆಲೆ ಉಂಟೇ?

ಮಾತೂ ಕರಾರೇ

ಉಂಟು. "ಕಾಗದ ಇಲ್ಲದಿದ್ದರೆ ಏನೂ ಮಾಡುವಂತಿಲ್ಲ" ಎಂಬ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮಂದಿ ಹಣ ಬಿಟ್ಟುಕೊಡುತ್ತಾರೆ. 1872ರ ಭಾರತೀಯ ಕರಾರು ಕಾಯಿದೆಯ 10ನೇ ಕಲಮಿನ ಪ್ರಕಾರ, ಪ್ರಾಪ್ತ ವಯಸ್ಕರು ಸ್ವಇಚ್ಛೆಯಿಂದ, ನ್ಯಾಯಸಮ್ಮತ ಪ್ರತಿಫಲಕ್ಕಾಗಿ, ನ್ಯಾಯಸಮ್ಮತ ಉದ್ದೇಶಕ್ಕೆ ಮಾಡಿಕೊಂಡ ಒಪ್ಪಂದ ಕರಾರು ಎನಿಸುತ್ತದೆ. ಬರವಣಿಗೆಯಲ್ಲೇ ಇರಬೇಕು ಎಂದು ಬೇರೆ ಕಾನೂನು ಹೇಳಿದರೆ ಮಾತ್ರ ಬರವಣಿಗೆ ಬೇಕು. ವಸ್ತುಗಳ ಮಾರಾಟದ ಬಗ್ಗೆ ಇರುವ 1930ರ ಕಾಯಿದೆ ಇನ್ನೂ ನೇರವಾಗಿದೆ. ಮಾರಾಟದ ಕರಾರು ಬರಹದಲ್ಲಿರಬಹುದು, ಬಾಯಿಮಾತಿನಲ್ಲಿರಬಹುದು, ಅರ್ಧ ಹಾಗೆ ಅರ್ಧ ಹೀಗೆಯೂ ಇರಬಹುದು ಎಂದು ಅದರ 5ನೇ ಕಲಂ ಹೇಳುತ್ತದೆ. ಬೆಲೆಯನ್ನು ಕಂತಿನಲ್ಲಿ ಕೊಡುವ ಮಾತಿಗೂ ಅದೇ ಕಲಮಿನಲ್ಲಿ ಜಾಗವಿದೆ. ಕಾರು ಕೂಡ ಕಾನೂನಿನ ಕಣ್ಣಿಗೆ ಚರ ವಸ್ತುವೇ. ಮನೆ, ಜಮೀನಿನಂತೆ ಕ್ರಯಪತ್ರ ನೋಂದಣಿಯ ಕಟ್ಟುಪಾಡು ಅದಕ್ಕಿಲ್ಲ.

ಸ್ಥಿರಾಸ್ತಿ ಮಾರುವ ಮಾತು ಕೂಡ ಬಾಯಿಮಾತಿನಲ್ಲಿ ಇರಬಹುದೆಂದು ಸುಪ್ರೀಂ ಕೋರ್ಟು 1990ರ ಬ್ರಿಜ್ ಮೋಹನ್ ವಿರುದ್ಧ ಸುಗ್ರಾ ಬೇಗಂ ಪ್ರಕರಣದಲ್ಲಿ ಒಪ್ಪಿತ್ತು. ಆದರೆ ಅದೇ ತೀರ್ಪು, ಬಾಯಿಮಾತನ್ನು ನೆಚ್ಚಿ ಬಂದವನ ಮೇಲೆ ರುಜುವಾತಿನ ಭಾರ ಹೆಚ್ಚು ಎಂದೂ ಎಚ್ಚರಿಸಿತು. ಕಷ್ಟ ಇರುವುದು ಇಲ್ಲಿಯೇ.

ಅಮೆರಿಕದಲ್ಲಿ ನೆಲೆಸಿದ ಮಕ್ಕಳಿಂದ "ಬರಹದಲ್ಲಿ ಇಲ್ಲದಿದ್ದರೆ ನಡೆಯುವುದಿಲ್ಲ" ಎಂಬ ಮಾತು ಕೇಳಿ ಗಾಬರಿಯಾಗುವ ಹಿರಿಯರಿದ್ದಾರೆ. ಅಲ್ಲಿಯ ಸ್ಥಿತಿ ಬೇರೆ. 1677ರ ಇಂಗ್ಲಿಷ್ ಕಾಯಿದೆಯ ಜಾಡಿನಲ್ಲಿ ಅಮೆರಿಕದ ರಾಜ್ಯಗಳು, 500 ಡಾಲರ್ ಅಥವಾ ಅದಕ್ಕೆ ಮೇಲಿನ ವಸ್ತು ಮಾರಾಟಕ್ಕೆ ಸಾಮಾನ್ಯವಾಗಿ ಬರಹ ಕೇಳುತ್ತವೆ. ವಸ್ತು ಒಪ್ಪಿಸಿ ಆದಾಗ, ಹಣ ಸಂದಾಯವಾದಾಗ ಅಲ್ಲಿಯೂ ವಿನಾಯಿತಿ ಉಂಟು. ಭಾರತದಲ್ಲಿ ಚರ ವಸ್ತುವಿಗೆ ಆ ನಿಯಮವೇ ಇಲ್ಲ.

ಬಳಗದವರ ನಡುವಿನ ಮಾತಿನಲ್ಲಿ ಮತ್ತೊಂದು ತೊಡಕಿದೆ. ಅದು ವ್ಯವಹಾರವೋ, ಬರೀ ಸಹಾಯವೋ ಎಂಬ ವಾದ ಏಳುತ್ತದೆ. ಇಂಗ್ಲೆಂಡಿನಲ್ಲಿ 1919ರ ಬಾಲ್ಫೋರ್ ಪ್ರಕರಣದಲ್ಲಿ, ಸಿಲೋನಿನಲ್ಲಿ ಕೆಲಸಕ್ಕಿದ್ದ ಗಂಡ ಹೆಂಡತಿಗೆ ತಿಂಗಳಿಗೆ 30 ಪೌಂಡು ಕಳಿಸುತ್ತೇನೆ ಎಂದಿದ್ದ ಮಾತನ್ನು, ಮನೆಯೊಳಗಿನ ಮಾತು, ಕರಾರಲ್ಲ ಎಂದು ಕೋರ್ಟು ತಳ್ಳಿಹಾಕಿತ್ತು. ಕಾರಿನ ವಿಚಾರದಲ್ಲಿ ಈ ವಾದ ಅಷ್ಟು ಸುಲಭವಾಗಿ ನಿಲ್ಲಲಾರದು. ಬೆಲೆ ನಿಗದಿಯಾಗಿ, ಮುಂಗಡ ಸಂದು, ಹತ್ತಾರು ಕಂತು ಬಂದ ಮೇಲೆ ಅದನ್ನು ಉಡುಗೊರೆ ಎನ್ನುವುದು ಹೇಗೆ?

ಸಾಬೀತು ಮಾಡುವುದು ಹೇಗೆ?

ಒಂದು ಲೆಕ್ಕ ಇಟ್ಟುಕೊಂಡು ನೋಡಬಹುದು. ಬೆಲೆ 3,50,000 ರೂಪಾಯಿ, ಮುಂಗಡ 50,000, ಉಳಿದದ್ದು ತಿಂಗಳಿಗೆ 10,000ದಂತೆ 30 ಕಂತು. 14 ಕಂತು ಬಂದು ನಿಂತಿತು ಎಂದರೆ ಬಾಕಿ 1,60,000 ರೂಪಾಯಿ. ಈ 14 ಕಂತುಗಳು ಹೇಗೆ ಬಂದವು ಎಂಬುದರ ಮೇಲೆಯೇ ಅರ್ಧ ಮೊಕದ್ದಮೆ ನಿಂತಿದೆ. ಪ್ರತಿ ತಿಂಗಳು ಸುಮಾರು ಒಂದೇ ತಾರೀಕಿಗೆ, ಒಂದೇ ಮೊತ್ತ ಬ್ಯಾಂಕಿನಿಂದ ಅಥವಾ ಯುಪಿಐ ಮೂಲಕ ಬಂದಿದ್ದರೆ ಆ ಪಾಸ್‌ಬುಕ್ಕೇ ಮಾತನಾಡುತ್ತದೆ. "ಕೈಸಾಲ ತೀರಿಸುತ್ತಿದ್ದೆ" ಎಂದು ಎದುರಿನವನು ವಾದ ಹೂಡಿದರೆ, ಆ ಕೈಸಾಲದ ಲೆಕ್ಕ ಕೊಡಬೇಕಾದವನು ಅವನೇ. ನಗದಾಗಿ, ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಬಳಿ ಕೈಗೆ ಕೊಟ್ಟಿದ್ದರೆ ಇದೆಲ್ಲ ಇಲ್ಲ.

ಕಾರು ಯಾರ ಬಳಿ ಇತ್ತು ಎಂಬುದನ್ನು ತೋರಿಸಲು ಸರ್ವಿಸ್ ಸ್ಟೇಷನ್ನಿನ ಬಿಲ್ಲು, ವಿಮೆ ಕಂತು ಕಟ್ಟಿದ ರಸೀತಿ, ಪಾರ್ಕಿಂಗ್ ಪಾಸು ಉಪಯೋಗಕ್ಕೆ ಬರುತ್ತವೆ. ಟೋಲ್ ನಾಕೆಗಳಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಬಳಿಕ ಗಾಡಿ ಯಾವ ದಿನ ಯಾವ ನಾಕೆ ದಾಟಿತು ಎಂಬ ದಾಖಲೆಯೂ ಸಿಗುತ್ತದೆ. ಟ್ಯಾಗಿಗೆ ಹಣ ತುಂಬಿದವರು ಯಾರು ಎಂಬುದು ಅದರ ಜೊತೆಗೇ ಬರುವ ಸಂಗತಿ.

ಮೊಬೈಲಿನ ಸಂದೇಶಗಳು ಇಂದು ಬಹುಮುಖ್ಯ ಸಾಕ್ಷಿ. "ಈ ತಿಂಗಳು ಕಷ್ಟ, ಮುಂದಿನ ತಿಂಗಳು ಎರಡು ಕಂತು ಸೇರಿಸಿ ಹಾಕುತ್ತೇನೆ" ಎಂಬ ಒಂದು ಸಾಲು ಹತ್ತು ಸಾಕ್ಷಿಗಳಿಗೆ ಸಮ. ಆದರೆ ಅದನ್ನು ಬರೀ ಮುದ್ರಿಸಿ ಕೊಟ್ಟರೆ ಸಾಲದು. ಹಿಂದಿನ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 63ನೇ ಕಲಂ. ಆದ್ದರಿಂದ ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವ ಮುನ್ನ ಯೋಚಿಸಬೇಕು. ಗುಜರಾತಿನ ಕೋರ್ಟುಗಳ ಮುಂದೆ ಕನ್ನಡದಲ್ಲೋ, ಇಂಗ್ಲಿಷ್ ಅಕ್ಷರದ ತುಳುವಿನಲ್ಲೋ ಇರುವ ಸಂದೇಶಕ್ಕೆ ಅನುವಾದವೂ ಬೇಕು. "ಆಯ್ತು ಮಾರಾಯ, ನೋಡುವ" ಎಂಬುದು ಒಪ್ಪಿಗೆಯೋ, ನಯವಾದ ನಿರಾಕರಣೆಯೋ ಎಂದು ಅನುವಾದಕ ಹೇಗೆ ಹೇಳಿಯಾನು!

ಮಾತಿನ ವ್ಯಾಪಾರಕ್ಕೆ ಸೂರತ್ ಹೆಸರಾದ ಊರು. ವಜ್ರದ ಪೇಟೆಯಾದ ಮಹಿಧರಪುರದಲ್ಲಿ ಲಕ್ಷಗಟ್ಟಲೆ ಬೆಲೆಯ ಹರಳುಗಳ ಪೊಟ್ಟಣ ನಂಬಿಕೆಯ ಮೇಲೆಯೇ ಕೈಯಿಂದ ಕೈಗೆ ಹೋಗುತ್ತದೆ ಎಂದು ನಮ್ಮವರು ಹೊಗಳುವುದುಂಟು. ಹೊಗಳುವಾಗ ಒಂದನ್ನು ಮರೆಯುತ್ತಾರೆ. ಅಲ್ಲಿ ಮಾಲು ನೋಡಲು ಕೊಡುವಾಗ 'ಜಾಂಗಡ್' ಎಂಬ ಚೀಟಿ ಬರೆಯುವ ರೂಢಿ ಇದೆ. ಮಾಲು ಎಷ್ಟು, ಯಾರಿಗೆ ಕೊಟ್ಟದ್ದು ಎಂಬುದು ಅದರಲ್ಲಿರುತ್ತದೆ. ನಂಬಿಕೆಗೆ ಹೆಸರಾದ ಗುಜರಾತಿ ವ್ಯಾಪಾರಿ ಚೀಟಿ ಬರೆದುಕೊಳ್ಳುತ್ತಾನೆ, ಅದರಿಂದ ಯಾರಿಗೂ ಅವಮಾನ ಆಗುವುದಿಲ್ಲ. ನಮ್ಮಲ್ಲಿ ಮಾತ್ರ ಚೀಟಿ ಕೇಳಿದರೆ ನೆಂಟಸ್ತಿಕೆ ಕೆಡುತ್ತದೆ.

ಆರ್‌ಸಿಯಲ್ಲಿ ಹೆಸರಿದ್ದವನ ಪಾಡು

ಮಾರಿದವನು ಮತ್ತು ಕೊಂಡವನ ನಡುವೆ ಬಾಯಿಮಾತು ನಡೆಯುತ್ತದೆ ಎಂದಾಯಿತು. ಮೂರನೆಯವರ ಮುಂದೆ ಅದಕ್ಕೆ ಕವಡೆಯ ಕಿಮ್ಮತ್ತೂ ಇಲ್ಲ. ಇದು ಹಲವರಿಗೆ ಗೊತ್ತಿಲ್ಲದ, ಗೊತ್ತಾಗುವಾಗ ತಡವಾಗಿರುವ ಸಂಗತಿ.

1988ರ ಮೋಟಾರು ವಾಹನ ಕಾಯಿದೆಯ 50ನೇ ಕಲಮಿನಂತೆ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. 29 ಮತ್ತು 30ನೇ ನಮೂನೆಗಳು ಇದಕ್ಕಾಗಿಯೇ ಇರುವುದು. ಕಾರನ್ನು ಊರಿಗೆ ಒಯ್ಯುವುದಾದರೆ ಎನ್‌ಒಸಿ ಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲೇ ಇಟ್ಟುಕೊಂಡರೆ ಜಿಜೆ-05 ಹೋಗಿ ಕೆಎ ನಂಬರು ಬರಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುವ ತನಕ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಇದಾವುದೂ ಆಗದು. ಹಾಗಾಗಿಯೇ "ಸಾಲ ಮುಗಿದ ಮೇಲೆ ನೋಡುವ" ಎಂಬ ಮಾತು.

ಆ ಎರಡು ವರ್ಷದಲ್ಲಿ ಅಪಘಾತವಾದರೆ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ಉತ್ತರ ಸ್ಪಷ್ಟವಾಗಿದೆ. ಅಲ್ಲಿ ನೋಂದಾಯಿತ ಮಾಲೀಕನು 2007ರಲ್ಲೇ ಕಾರು ಮಾರಿದ್ದೆ ಎಂದಿದ್ದ. ಕಾರು ಕೈಯಿಂದ ಕೈಗೆ ಹೋಗಿ, 2009ರಲ್ಲಿ ಅಪಘಾತವಾಗಿ ಒಂದು ಜೀವ ಹೋಯಿತು. ಯಾರೂ ಆರ್‌ಟಿಒ ಪುಸ್ತಕದಲ್ಲಿ ಹೆಸರು ಬದಲಿಸಿರಲಿಲ್ಲ. ಯಾರ ಹೆಸರು ನೋಂದಣಿಯಲ್ಲಿದೆಯೋ ಅವನೇ ಕಾಯಿದೆಯ ಮಟ್ಟಿಗೆ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಕೋರ್ಟು ಹೇಳಿತು. ನೊಂದ ಕುಟುಂಬ ಒಬ್ಬರ ಹಿಂದೆ ಒಬ್ಬರಂತೆ ಕೊಂಡವರನ್ನು ಹುಡುಕಿಕೊಂಡು ಅಲೆಯಬೇಕಿಲ್ಲ ಎಂಬುದು ಅದರ ತರ್ಕ. ನ್ಯಾಯವಾದ ತರ್ಕವೇ. ಆದರೆ ಹಜೀರಾದಿಂದ ಮಸ್ಕತ್ತಿಗೆ ಹೋದವನೊಬ್ಬ, ಕಾರು ಕೊಟ್ಟು ಮೂರು ವರ್ಷವಾದ ಮೇಲೂ ಈ ತೂಗುಗತ್ತಿಯ ಕೆಳಗೇ ಇದ್ದಾನೆ ಎಂದು ಅರ್ಥ.

ವಿಮೆಯ ಮಾತೂ ಹಾಗೆಯೇ. ಕಾಯಿದೆಯ 157ನೇ ಕಲಮಿನಿಂದ ಮೂರನೆಯವರ ನಷ್ಟದ ರಕ್ಷಣೆ ಕೊಂಡವನಿಗೆ ತಾನಾಗಿಯೇ ದಾಟುತ್ತದೆ. ಕಾರಿಗೇ ಆದ ಹಾನಿಯ ವಿಮೆ ದಾಟುವುದಿಲ್ಲ ಎಂದು 1996ರಲ್ಲೇ ತೀರ್ಮಾನವಾಗಿದೆ. ಕಾರು ಮುರಿದು ಬಿದ್ದರೆ ಮಾರಿದವನಿಗೆ ಅದರಲ್ಲಿ ಹಕ್ಕಿಲ್ಲ, ಕೊಂಡವನ ಹೆಸರಿನಲ್ಲಿ ವಿಮೆ ಇಲ್ಲ. ಕಂತಿನ ಜಗಳ ಆರಂಭವಾಗುವುದು ಹಲವು ಸಲ ಇಂಥ ಘಟ್ಟದಲ್ಲೇ: "ಓಡದ ಕಾರಿಗೆ ಕಂತು ಯಾಕೆ ಕಟ್ಟಲಿ?" ಖಾಸಗಿ ನಂಬರಿನ ಕಾರನ್ನು ನೌಕರರ ಸಾಗಾಟಕ್ಕೆ ಬಾಡಿಗೆಗೆ ಬಿಟ್ಟಿದ್ದರಂತೂ ಗೋಜಲು ಇಮ್ಮಡಿ.

ಬ್ಯಾಂಕಿಗೆ ಭಾವ, ಮೈದುನ ಯಾರೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಾಲದ ಕಾಗದಕ್ಕೆ ಸಹಿ ಹಾಕಿದವನು ಮಾತ್ರ. ಕಂತು ತಪ್ಪಿದ್ದು ಅವನ ಸಿಬಿಲ್ ಲೆಕ್ಕದಲ್ಲಿ ಬರುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ಅಡ್ಡ ನಿಲ್ಲುತ್ತದೆ. ವಸೂಲಿಗೆ ಗೂಂಡಾಗಳನ್ನು ಕಳಿಸುವಂತಿಲ್ಲ ಎಂದು 2007ರಲ್ಲಿ ಐಸಿಐಸಿಐ ಬ್ಯಾಂಕ್ ವಿರುದ್ಧ ಪ್ರಕಾಶ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಸಾಲಗಾರನಿಗೆ ಒಂದಷ್ಟು ಆಸರೆ. ಸಾಲ ಮಾತ್ರ ಅವನದೇ.

ಸ್ನೇಹಿತನ ಹೆಸರಿನಲ್ಲಿ ಸಾಲ ಮಾಡಿ, ತಾನು ಹಣ ಕಟ್ಟಿ ಕಾರು ಇಟ್ಟುಕೊಂಡವನ ಸ್ಥಿತಿಯೂ ಭದ್ರವಲ್ಲ. ಎಲ್ಲ ಕಂತು ತೀರಿದ ಮೇಲೆ ಹೆಸರುದಾರ "ಕಾರು ನನ್ನದು" ಎಂದುಬಿಟ್ಟರೆ? ಹಣ ಒಬ್ಬನದು, ಹೆಸರು ಮತ್ತೊಬ್ಬನದು ಎಂಬ ವ್ಯವಹಾರದ ಮೇಲೆ ಬೇನಾಮಿ ನಿಷೇಧ ಕಾಯಿದೆಯ ನೆರಳು ಬೀಳುವ ಸಂಭವ ಉಂಟು. 2016ರ ತಿದ್ದುಪಡಿಯ ಬಳಿಕ ಅದು ಬಿಗಿಯಾಗಿದೆ. ಆ ಕಾಯಿದೆಯಲ್ಲಿ ಚರ ಆಸ್ತಿಯೂ ಸೇರಿದೆ, ಬೇನಾಮಿ ಎಂದಾದರೆ ನಿಜವಾದ ಮಾಲೀಕ ದಾವೆ ಹೂಡುವಂತೆಯೇ ಇಲ್ಲ. ಎದುರು ವಕೀಲರು ಎತ್ತಬಹುದಾದ ಮೊದಲ ತಕರಾರೇ ಇದು.

ಪೊಲೀಸ್ ಠಾಣೆಯೋ, ಸಿವಿಲ್ ಕೋರ್ಟೋ?

ಕಂತು ನಿಂತಾಗ ಮೊದಲು ಹೊಳೆಯುವುದು ಠಾಣೆ. "ಮೋಸ ಮಾಡಿದ" ಎಂದು ದೂರು ಕೊಡುವ ಆತುರ. ಮಾತು ತಪ್ಪಿದ್ದೆಲ್ಲ ವಂಚನೆಯಲ್ಲ, ಮಾತು ಕೊಡುವಾಗಲೇ ತಪ್ಪುವ ಮನಸ್ಸಿತ್ತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2000ದ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಿಂದ ಈಚೆಗೆ ಮತ್ತೆ ಮತ್ತೆ ಹೇಳುತ್ತ ಬಂದಿದೆ. 14 ಕಂತು ಕಟ್ಟಿದವನ ಮೇಲೆ ಆ ಆರೋಪ ನಿಲ್ಲಿಸುವುದು ಕಷ್ಟ. ಒಂದೂ ಕಂತು ಕಟ್ಟದೆ ಕಾರನ್ನು ಬೇರೆಯವರಿಗೆ ಮಾರಿ ಪರಾರಿಯಾಗಿದ್ದರೆ ಮಾತು ಬೇರೆ.

ಎರಡನೆಯ ಆತುರ ಇನ್ನೂ ಕೆಟ್ಟದು. ಮನೆಯಲ್ಲಿ ಉಳಿದ ಎರಡನೇ ಕೀಲಿಕೈ ತೆಗೆದುಕೊಂಡು ರಾತ್ರಿ ಹೋಗಿ ಕಾರು ತಂದುಬಿಡುವುದು. "ಆರ್‌ಸಿ ನನ್ನ ಹೆಸರಿನಲ್ಲಿದೆ, ಯಾರು ಕೇಳುತ್ತಾರೆ?" ಎಂಬ ಧೈರ್ಯ ಹುಸಿ. ವಸ್ತು ಮಾರಿ ಕೈಗೊಪ್ಪಿಸಿದ ಮೇಲೆ ಮಾರಿದವನಿಗೆ ಉಳಿಯುವುದು ಬೆಲೆಗಾಗಿ ದಾವೆ ಹೂಡುವ ಹಕ್ಕು, ವಸ್ತುವನ್ನು ಎಳೆದು ತರುವ ಹಕ್ಕಲ್ಲ. ಅಡವಿಟ್ಟ ತನ್ನದೇ ಗಡಿಯಾರವನ್ನು ಸಾಲ ತೀರಿಸದೆ, ಅಡವು ಹಿಡಿದವನಿಗೆ ತಿಳಿಯದಂತೆ ಒಯ್ದರೆ ಅದು ಕಳವು ಎಂದು ಹಳೆಯ ದಂಡ ಸಂಹಿತೆಯ ಉದಾಹರಣೆಯೇ ಇತ್ತು, ಹೊಸ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಬಾಕಿ ಬರಬೇಕಾದವನೇ ಆರೋಪಿಯಾಗಿ ನಿಲ್ಲುವ ಪರಿಸ್ಥಿತಿ ಹೀಗೆ ಬರುತ್ತದೆ.

ಉಳಿದ ದಾರಿ ಸಿವಿಲ್ ದಾವೆ. ಮೊದಲು ವಕೀಲರಿಂದ ಅಥವಾ ತಾವೇ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು. ಕಾರು ಯಾವುದು, ಬೆಲೆ ಎಷ್ಟು, ಸಂದದ್ದು ಎಷ್ಟು, ಬಾಕಿ ಎಷ್ಟು, ಎಷ್ಟು ದಿನದಲ್ಲಿ ಕೊಡಬೇಕು ಎಂಬಷ್ಟೇ ಅದರಲ್ಲಿರಲಿ, ಬೈಗಳು ಬೇಡ. ದಾವೆ ಹೂಡುವುದು ಎದುರಿನವನು ವಾಸವಿರುವ ಊರಿನಲ್ಲಿ ಅಥವಾ ವ್ಯವಹಾರ ನಡೆದ ಊರಿನಲ್ಲಿ. ಹಾಗಾಗಿ ಕೊಂಡವನು ಕಾರು ಸಮೇತ ಬೆಳಗಾವಿಗೋ ಉಡುಪಿಗೋ ಹೋಗಿದ್ದರೂ, ಮಾತುಕತೆ ಮತ್ತು ಹಸ್ತಾಂತರ ಹಜೀರಾದಲ್ಲಿ ಆಗಿದ್ದರೆ ಸೂರತ್‌ನ ಕೋರ್ಟಿಗೇ ಹೋಗಬಹುದು. ಬರಹದ ಕರಾರಿಗೆ ಇರುವ ಸಂಕ್ಷಿಪ್ತ ದಾವೆಯ ಸೌಲಭ್ಯ ಬಾಯಿಮಾತಿಗೆ ಇಲ್ಲ. ಸಾಮಾನ್ಯ ದಾವೆಯಾಗಿಯೇ ನಡೆಯಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಕರಾರು ಪೂರ್ತಿ ಸಾಬೀತಾಗದೆ ಹೋದರೂ, ಪುಕ್ಕಟೆಯಾಗಿ ಕೊಡುವ ಉದ್ದೇಶವಿಲ್ಲದೆ ಕೊಟ್ಟದ್ದರ ಲಾಭ ಉಂಡವನು ಪರಿಹಾರ ಕೊಡಬೇಕೆಂಬ 70ನೇ ಕಲಮನ್ನು ಪರ್ಯಾಯವಾಗಿ ಕೇಳಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಮಿತಿ. ಇಂಥ ಹಣದ ದಾವೆಗೆ ಮೂರು ವರ್ಷ. ಪ್ರತಿ ಕಂತಿಗೂ ಅದು ಸಲ್ಲಬೇಕಾದ ದಿನದಿಂದ ಲೆಕ್ಕ ಎಂಬುದು ಸಾಮಾನ್ಯ ನಿಯಮ. ಮೇಲಿನ ಲೆಕ್ಕದ 15ನೇ ಕಂತು 2023ರ ಜುಲೈಯಲ್ಲಿ ಬರಬೇಕಿತ್ತು ಎಂದಾದರೆ ಅದರ ಮಟ್ಟಿಗೆ 2026ರ ಜುಲೈಯೇ ಗಡಿ. "ಮಗಳ ಮದುವೆ ಮುಗಿಯಲಿ", "ದೀಪಾವಳಿ ಬೋನಸ್ ಬರಲಿ" ಎಂದು ಕಾಯುವ ಸಜ್ಜನರು ಸೋಲುವುದು ಇಲ್ಲಿ. ಗಡಿ ಮುಗಿಯುವ ಮೊದಲು ಎದುರಿನವನು ಬಾಕಿಯನ್ನು ಬರೆದು ಸಹಿ ಹಾಕಿ ಒಪ್ಪಿಕೊಂಡರೆ ಅಂದಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಗಡಿ ದಾಟಿದ ಮೇಲೂ ಬರಹದ, ಸಹಿಯ ಹೊಸ ವಾಗ್ದಾನವಿದ್ದರೆ ಕರಾರು ಕಾಯಿದೆಯ 25ನೇ ಕಲಂ ಅದನ್ನು ಎತ್ತಿಹಿಡಿಯುತ್ತದೆ. ಬಾಯಿಮಾತಿನ ವಾಗ್ದಾನಕ್ಕೆ ಆ ಘಟ್ಟದಲ್ಲಿ ಯಾವ ಬಲವೂ ಇಲ್ಲ.

ಹಿರಿಯರ ಮುಂದೆ ಕೂತಾಗ

ಹೊರನಾಡಿನಲ್ಲಿ ಇಂಥ ತಕರಾರು ಕೋರ್ಟಿಗಿಂತ ಮೊದಲು ಬರುವುದು ಸಂಘದ ಪದಾಧಿಕಾರಿಗಳ, ಊರ ಹಿರಿಯರ ಮುಂದೆ. ಅದು ಒಳ್ಳೆಯದೇ, ಕೋರ್ಟಿನ ಖರ್ಚು ಉಳಿಯುತ್ತದೆ, ಮುಖ ನೋಡುವ ಬಂಧುತ್ವವೂ ಉಳಿಯುತ್ತದೆ. ಆದರೆ ಹೆಚ್ಚಿನ ಸಲ ಹಿರಿಯರ ರಾಜಿಯೂ ಬಾಯಿಮಾತಿನದೇ! ಮೊದಲ ಮಾತು ಮುರಿದು ಬಿದ್ದ ಜಾಗದಲ್ಲಿ ಎರಡನೆಯ ಮಾತು. ಆರು ತಿಂಗಳಲ್ಲಿ ಮತ್ತೆ ಅದೇ ಕಥೆ, ಈ ಬಾರಿ ಹಿರಿಯರ ಮೇಲೂ ಅಪವಾದ.

ಕೂತಾಗಲೇ ಒಂದು ಹಾಳೆಯಲ್ಲಿ ಬರೆಸಿ ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಚಿತ್ರವೇ ಬದಲಾಗುತ್ತದೆ. ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ. ಸರಿಯಾದ ಸ್ಟಾಂಪು ಇಲ್ಲದ ಕರಾರನ್ನು ಶುಲ್ಕ, ದಂಡ ಕಟ್ಟಿ ಸಾಕ್ಷ್ಯಕ್ಕೆ ತರಬಹುದು. ಪ್ರಾಮಿಸರಿ ನೋಟಿಗೆ ಮಾತ್ರ ಆ ರಿಯಾಯಿತಿ ಇಲ್ಲ, ಅದಕ್ಕೆ ಬರೆಯುವಾಗಲೇ ಸ್ಟಾಂಪು ಸರಿ ಇರಬೇಕು. ಉಳಿದ ಕಂತುಗಳಿಗೆ ಮುಂದಿನ ತಾರೀಕಿನ ಚೆಕ್ಕು ಪಡೆಯುವುದು ಮತ್ತೊಂದು ಉಪಾಯ. ಚೆಕ್ಕು ವಾಪಸಾದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಕೊಡಬೇಕು. ಎದುರಿನವನಿಗೆ ಹಣ ಕೊಡಲು 15 ದಿನ, ಅದು ಕಳೆದ ಮೇಲೆ ಒಂದು ತಿಂಗಳೊಳಗೆ 138ನೇ ಕಲಮಿನ ದೂರು. ಈ ತಾರೀಕುಗಳಲ್ಲಿ ಒಂದು ತಪ್ಪಿದರೂ ಕೇಸು ಬಿದ್ದುಹೋಗುವ ಭಯವಿದೆ.

ಹಿರಿಯರು ಮಾಡಿಸಿದ ರಾಜಿಯನ್ನು ಲೋಕ ಅದಾಲತ್ತಿಗೆ ಒಯ್ಯುವ ದಾರಿ ಇನ್ನೂ ಗಟ್ಟಿ. ದಾವೆ ಹೂಡುವ ಮೊದಲೇ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಎದುರಿನವನನ್ನು ಕರೆಸಬಹುದು. ಇಬ್ಬರೂ ಒಪ್ಪಿ ಅಲ್ಲಿ ಆದ ತೀರ್ಮಾನಕ್ಕೆ 1987ರ ಕಾಯಿದೆಯ 21ನೇ ಕಲಮಿನಂತೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಅದೇ ಕಾಯಿದೆಯ 12ನೇ ಕಲಂ, ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರನ್ನೂ ಸೇರಿಸಿದೆ. ಹಜೀರಾದ ಕಾರ್ಖಾನೆಗಳಲ್ಲಿ ದುಡಿಯುವ ಕಾರ್ಮಿಕರು, ಬಾಕಿ ಕೇಳುವವರಾಗಲಿ ಕೊಡಬೇಕಾದವರಾಗಲಿ, ಸೂರತ್ ಜಿಲ್ಲಾ ಪ್ರಾಧಿಕಾರದಲ್ಲಿ ಈ ನೆಲೆಯಲ್ಲಿ ವಕೀಲರ ನೆರವು ಕೇಳಿ ಅರ್ಜಿ ಸಲ್ಲಿಸಬಹುದು. ಪಾಸ್‌ಬುಕ್ಕಿನ ನಕಲು, ಆರ್‌ಸಿ ಪ್ರತಿ, ಸಂದೇಶಗಳಿರುವ ಫೋನು ಜೊತೆಗಿರಲಿ.